ಓರೆ ಡಬ್ಬಿ, ನೆಟ್ಟನೆ ಡಬ್ಬಿ

ನಮ್ಮ ಅತ್ತಿಗೆಯನ್ನು ಔಷಧಿ ಕಾರ್ಖಾನೆಯಲ್ಲಿ ಎಲ್ಲರೂ ಹರಳಮ್ಮ ಎಂದೇ ಕರೆಯುತ್ತಾರೆ. ಆ ಹೆಸರು ಇಟ್ಟವಳು ನಾನಲ್ಲ. ನಾನೇ ಇಡಬೇಕಿತ್ತು ಎಂದು ಇವತ್ತಿಗೂ ಹೊಟ್ಟೆಕಿಚ್ಚು. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲೇ ಅವಳು ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬದ ಮುಂದೆ ನಿಂತು, ಅಂಗೈ ಮೇಲೆ ನಾಲ್ಕು ಕಾಳು ಹಾಕಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಪಕ್ಕದಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ಅಮ್ಮ ಓಡಿಬಂದು ಒಲೆ ಆರಿಸಿ, "ಏನಮ್ಮಾ, ಸಕ್ಕರೇಲಿ ಇರುವೆ ಸೇರ್ಕೊಂಡಿದೆಯಾ?" ಎಂದಳು.

"ಇಲ್ಲ ಅತ್ತೆ. ಮೂಲೆಗಳು ಎಷ್ಟು ಚೆನ್ನಾಗಿ ಬಂದಿವೆ ನೋಡಿ!"

ಅಮ್ಮ ಮೂಲೆಗಳನ್ನು ನೋಡಲಿಲ್ಲ, ಹಾಲಿನ ಪಾತ್ರೆಯನ್ನು ನೋಡಿದಳು. ನಾನು ಬಾಗಿಲ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನಗಿಂತ ಸ್ವಲ್ಪವೇ ದೊಡ್ಡವಳಾದ ಅತ್ತಿಗೆಯನ್ನು ಮೊದಮೊದಲು 'ನೀವು' ಎನ್ನುತ್ತಿದ್ದೆ. ಅವತ್ತು ನನ್ನ ನಗು ಕೇಳಿ ಅವಳೂ ನಕ್ಕಳು ನೋಡಿ, ಅಲ್ಲಿಂದ 'ನೀನು' ಶುರುವಾಯಿತು.

ಅವಳು ಓದಿದ್ದು ರಸಾಯನಶಾಸ್ತ್ರ. ಕೆಲಸ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ. ನಾನು ಓದಿದ್ದು ಅಷ್ಟಕ್ಕಷ್ಟೆ. ಮನೆಯ ಮುಂಭಾಗದ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಕಿಟಕಿ ಪರದೆ ಹೊಲಿಯುತ್ತೇನೆ. ಇಬ್ಬರ ಕೆಲಸಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಂಜೆ ಅವಳು ನನ್ನ ಕತ್ತರಿಸುವ ಮೇಜಿನ ಮೇಲೆ ಹರಡಿದ್ದ ಬಟ್ಟೆಯನ್ನು ಕಣ್ಣರಳಿಸಿ ನೋಡುತ್ತಾ, "ಇದರ ಡಬ್ಬಿ ಯಾವುದು?" ಎಂದು ಕೇಳಿದಳು.

"ಡಬ್ಬಿ? ಬಟ್ಟೆ ಥಾನಿನ ಸುರುಳೀಲಿ ಬಂದಿದ್ದು."

"ಅದಲ್ಲ ಕಣೇ. ಈ ಹೂವು, ಈ ಎಲೆ, ಮತ್ತೆ ಅದೇ ಹೂವು, ಅದೇ ಎಲೆ. ಒಂದು ಸಣ್ಣ ಡಬ್ಬಿ ಗುರುತು ಮಾಡು. ಅದನ್ನೇ ಪಕ್ಕಪಕ್ಕಕ್ಕೆ, ಮೇಲೆ ಕೆಳಗೆ ಜೋಡಿಸ್ತಾ ಹೋದ್ರೆ ಸಂದಿಲ್ಲದೆ ಇಡೀ ಬಟ್ಟೆ ಬರಬೇಕು. ಹರಳೂ ಹೀಗೇ. ಒಳಗೆ ಅದೇ ಅದೇ ಸಾಲು, ಮೂರು ದಿಕ್ಕಿಗೂ."

ಪುಸ್ತಕದಲ್ಲಿ ಅದಕ್ಕೆ ಏಕಕ ಕೋಶ ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಅದು ಡಬ್ಬಿಯೇ ಆಗಿ ಉಳಿಯಿತು. ನನಗಂತೂ ಇದೇನು ಹೊಸದಾಗಿರಲಿಲ್ಲ. ಎರಡು ತುಂಡು ಬಟ್ಟೆ ಪಕ್ಕಪಕ್ಕ ಜೋಡಿಸುವಾಗ ಹೂವಿಗೆ ಹೂವು ಕೂಡಬೇಕು, ಇಲ್ಲದಿದ್ದರೆ ಗಿರಾಕಿ ಮುಖಕ್ಕೇ ಎಸೆದು ಹೋಗುತ್ತಾರೆ. ಆದರೆ ಕೂಡಿಸುವುದನ್ನೇ ಆಟ ಮಾಡಿಕೊಂಡವಳು ಅತ್ತಿಗೆ. ಬಚ್ಚಲುಮನೆಯ ನೆಲ, ಬಸ್ಸಿನ ಸೀಟಿನ ಬಟ್ಟೆ, ಬ್ಯಾಂಕಿನ ಕಿಟಕಿಯ ಸರಳು, ಯಾವುದನ್ನೂ ಬಿಡುತ್ತಿರಲಿಲ್ಲ. "ಇದರ ಡಬ್ಬಿ ಯಾವುದು?" ನಾನು ಒಂದು ತೋರಿಸಿದರೆ ಅವಳು ಇನ್ನೊಂದು ತೋರಿಸುತ್ತಿದ್ದಳು, ಅದೂ ಸರಿಯಾಗಿರುತ್ತಿತ್ತು. ಒಂದೇ ಬಟ್ಟೆಗೆ ಎಷ್ಟು ಡಬ್ಬಿ ಬೇಕಾದರೂ ಕಟ್ಟಬಹುದು ಎಂದು ಅರ್ಥವಾದ ದಿನ ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ಗೆಲ್ಲಲಾಗದ ಆಟವನ್ನು ಯಾರು ಆಡುತ್ತಾರೆ?

ಆಟಕ್ಕೆ ಬರದವನು ಅಣ್ಣ ಒಬ್ಬನೇ. "ನನ್ನ ತಲೆಗೆ ಡಬ್ಬಿ ಬೇಡ ಮಾರಾಯ್ತಿ, ಮೊದಲೇ ತುಂಬಿದೆ" ಎಂದು ಕೈಮುಗಿಯುತ್ತಿದ್ದ.

ಅವನು ತಮಾಷೆಗೆ ಹೇಳುತ್ತಿದ್ದನಾದರೂ ಅದು ತಮಾಷೆಯಾಗಿರಲಿಲ್ಲ. ಅಣ್ಣ ಕೆಲಸ ಮಾಡುವುದೂ ಅದೇ ಕಾರ್ಖಾನೆಯಲ್ಲಿ, ಒಣಗಿಸುವ ಕೋಣೆಯಲ್ಲಿ. ಅಲ್ಲಿ ತಯಾರಾಗುವುದು ಮೂರ್ಛೆ ರೋಗದವರ ಮಾತ್ರೆ. ಆ ಮಾತ್ರೆಯ ಮದ್ದನ್ನು ಒಂದು ಬಗೆಯ ದ್ರಾವಕದಲ್ಲಿ ಕರಗಿಸಿ ಹರಳುಗಟ್ಟಿಸುತ್ತಾರೆ. ಆಮೇಲೆ ಹರಳನ್ನು ಸೋಸಿ, ತಟ್ಟೆಗಳಲ್ಲಿ ಹರಡಿ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಒಣಗುವಾಗ ದ್ರಾವಕ ಹಬೆಯಾಗಿ ಹೋಗಬೇಕಲ್ಲ, ಅದು ಹೋಗುವುದೇ ಅಲ್ಲಿ ನಿಂತವರ ಮೂಗಿನ ಮುಂದೆ. ಕೆಲಸಗಾರರು ಅದಕ್ಕೆ ಘಾಟು ನೀರು ಎನ್ನುತ್ತಾರೆ. ಮುಖಕ್ಕೆ ಮುಸುಕು ಕೊಟ್ಟಿದ್ದಾರೆ, ಗಾಳಿ ಎಳೆಯುವ ಫ್ಯಾನು ಹಾಕಿದ್ದಾರೆ, ಆದರೂ ಘಾಟು ಘಾಟೇ. ಉಳಿದವರಿಗೆ ಕಣ್ಣುರಿ, ಕೆಮ್ಮು. ಅಣ್ಣನಿಗೆ ತಲೆನೋವು, ಅದೂ ಎಂಥ ತಲೆನೋವು! ಕೆಲಸದಿಂದ ಬಂದವನೇ ಹಣೆ ಒತ್ತಿಕೊಂಡು ಮಲಗಿಬಿಡುತ್ತಿದ್ದ. ಬೆಳಕು ಆಗುತ್ತಿರಲಿಲ್ಲ. ಹೂವು, ಗೆರೆ, ಚೌಕುಳಿ ಇರುವ ಯಾವ ಬಟ್ಟೆಯೂ ಕಣ್ಣಿಗೆ ಬೀಳುವಂತಿರಲಿಲ್ಲ, ಎಲ್ಲ ಹರಿದಾಡಿದಂತಾಗಿ ವಾಂತಿ ಬರುತ್ತಿತ್ತು. ಅವನ ಕೋಣೆಯ ಕಿಟಕಿಗೆ ನಾನೇ ಮೂರು ಪದರದ ಕಪ್ಪು ಪರದೆ ಹೊಲಿದು ಹಾಕಿದ್ದೆ. ಮನೆ ತುಂಬ ಹೂವಿನ ಬಟ್ಟೆ ಇಟ್ಟುಕೊಂಡವಳು ಸ್ವಂತ ಅಣ್ಣನಿಗೆ ಕಪ್ಪು ಬಟ್ಟೆ ಹೊಲಿಯುವಾಗ ನನಗೆ ಅಳು ಬಂದಿತ್ತು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು, ಘಾಟು ತಪ್ಪದೆ ತಲೆನೋವು ತಪ್ಪುವುದಿಲ್ಲ ಎಂದು. ಬೇರೆ ಕಡೆ ಕೆಲಸ ನೋಡು ಎಂದರೆ ಅಣ್ಣ, "ನಾನು ಬಿಟ್ರೆ ಅಲ್ಲಿ ಇನ್ನೊಬ್ಬ ಬಂದು ನಿಲ್ತಾನೆ. ಅವನ ತಲೆಯೂ ತಲೆಯೇ ತಾನೆ?" ಎನ್ನುತ್ತಿದ್ದ. ಅವನ ಈ ಒಳ್ಳೆಯತನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತಿಗೆಗೆ ಉರಿಯಲಿಲ್ಲ, ಯೋಚನೆ ಹತ್ತಿತು. ಘಾಟು ನೀರೇ ಯಾಕೆ ಬೇಕು? ಬರೀ ಬಿಸಿನೀರಿನಲ್ಲಿ ಕರಗಿಸಿ, ನಿಧಾನವಾಗಿ ತಣಿಸಿದರೆ ಆಗುವುದಿಲ್ಲವೆ? ಪರೀಕ್ಷಾ ಕೋಣೆಯ ಮುಖ್ಯಸ್ಥರನ್ನು ಕೇಳಿದಳು. ಅವರ ಕೈಕೆಳಗಿನವರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಾರೆ, ಏನು ಹೇಳಿದರೂ ಪಾಠ ಮಾಡಿದಂತೆ ಹೇಳುವುದರಿಂದ. ಅವರು "ಮಾಡಿ ನೋಡಮ್ಮ" ಎಂದರು. ಅವಳು ಮಾಡಿದಳು, ಕೆಟ್ಟಿತು. ಮತ್ತೆ ಮಾಡಿದಳು, ಅಂಟಾಯಿತು. ಪಟ್ಟು ಬಿಡಲಿಲ್ಲ. ಕೊನೆಗೊಂದು ದಿನ ಗಾಜಿನ ಪಾತ್ರೆಯ ತಳದಲ್ಲಿ ಸೂಜಿಸೂಜಿಯಾಗಿ ಹರಳು ಕೂತಿತ್ತು, ತಿಳಿಯಾಗಿ, ಘಾಟಿಲ್ಲದೆ. ಅವತ್ತು ಮನೆಗೆ ಬಂದವಳ ಮುಖ ನೋಡಬೇಕಿತ್ತು! ಊರಗಲ. ಬಾಗಿಲಲ್ಲೇ ನನ್ನ ಕೈ ಹಿಡಿದು ಗಿರಗಿರ ತಿರುಗಿಸಿದಳು.

ಆದರೆ ಹರಳು ಬಂದರೆ ಸಾಲದು, ಅದು ಹಳೆಯ ಹರಳೇ ಆಗಿರಬೇಕು. ಒಂದೇ ಮದ್ದು ಎರಡು ಬಗೆಯಲ್ಲಿ ಪೇರಿಸಿಕೊಳ್ಳಬಹುದಂತೆ. ಪೇರಿಕೆ ಬೇರೆಯಾದರೆ ಹೊಟ್ಟೆಯಲ್ಲಿ ಕರಗುವ ವೇಗವೂ ಬೇರೆಯಾಗುತ್ತದೆ. ಮೂರ್ಛೆ ಬರುವವರ ಮಾತ್ರೆ ಒಂದು ದಿನ ಬೇಗ, ಒಂದು ದಿನ ತಡವಾಗಿ ಕರಗಿದರೆ ಏನು ಗತಿ? ಹಾಗಾಗಿ ಕಾನೂನು ಬಿಗಿ. ಅತ್ತಿಗೆಯೂ ಅಷ್ಟೇ ಬಿಗಿ. "ಅದೇ ಹರಳು ಅಲ್ಲದಿದ್ರೆ ನಾನೇ ಚರಂಡಿಗೆ ಸುರೀತೀನಿ" ಎಂದಿದ್ದಳು.

ಪುಡಿ ಮಾಡಿ ಪರೀಕ್ಷಿಸಿದರೆ ಈ ಸೂಜಿಗಳೆಲ್ಲ ಒಂದೇ ಕಡೆ ಮಲಗಿಕೊಂಡು ಏನೇನೋ ಉತ್ತರ ಕೊಡುತ್ತಿದ್ದವು. ಅದಕ್ಕೆ ಒಂದು ಇಡೀ ಹರಳನ್ನೇ ಹೊಸ ಎಕ್ಸ್-ರೇ ಯಂತ್ರಕ್ಕೆ ಕೊಡುವುದೆಂದಾಯಿತು. ಆ ಯಂತ್ರಕ್ಕೆ ಈ ಮದ್ದಿನ ಇಡೀ ಹರಳು ಕೊಟ್ಟದ್ದು ಅದೇ ಮೊದಲು. ಯಂತ್ರ ಹರಳಿನ ಡಬ್ಬಿಯ ಅಳತೆ ಹೇಳುತ್ತದೆ: ಮೂರು ಅಂಚು ಎಷ್ಟೆಷ್ಟು ಉದ್ದ, ಅವುಗಳ ನಡುವಿನ ಕೋನ ಎಷ್ಟೆಷ್ಟು. ಹಳೆಯ ಹರಳಿನ ಅಳತೆ ಪರೀಕ್ಷಾ ಕೋಣೆಯ ಗೋಡೆಯ ಮೇಲೆ, ಗಾಜು ಹಾಕಿದ ಚೌಕಟ್ಟಿನೊಳಗೆ ಎಲ್ಲರ ಕಣ್ಣೆದುರು ತೂಗುತ್ತಿತ್ತು. ಮೇಷ್ಟ್ರ ಗುರುಗಳು ತಮ್ಮ ಕಾಲದಲ್ಲಿ ಕೈಯಿಂದಲೇ ಲೆಕ್ಕ ಹಾಕಿ ಬರೆದದ್ದು. ಆ ಕೋಣೆಯಲ್ಲಿ ಹರಳು ಸರಿಯೋ ತಪ್ಪೋ ಎನ್ನುವುದಕ್ಕೆ ಒಂದೇ ಪದ್ಧತಿ: ತಲೆಯೆತ್ತಿ ಚೌಕಟ್ಟು ನೋಡುವುದು.

ತಲೆಯೆತ್ತಿ ನೋಡಿದರು. ಎರಡು ಅಂಚು ಕೂಡಿದವು. ಮೂರನೆಯದು ಕೂಡಲಿಲ್ಲ. ಕೋನವಂತೂ ಎಲ್ಲಿಯದೆಲ್ಲಿಗೋ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರಂತೆ. "ಇದು ಬೇರೆ ಹರಳು ಕಣಮ್ಮ" ಎಂದರಂತೆ. ಅಷ್ಟೇ.

ಅವತ್ತು ಸಂಜೆ ಅತ್ತಿಗೆ ಮನೆಗೆ ಬಂದು ಚಪ್ಪಲಿ ಬಿಡದೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತಳು. ಅಣ್ಣ ಆಗಲೇ ಕಪ್ಪು ಪರದೆಯ ಹಿಂದೆ ಮಲಗಿದ್ದ. "ನಾಳೆ ಬೆಳಗ್ಗೆ ಹತ್ತಕ್ಕೆ ಮೀಟಿಂಗು" ಎಂದಳು. "ಘಾಟು ನೀರಿಗೇ ಇನ್ನೂ ದೊಡ್ಡ ತೊಟ್ಟಿ ತರಿಸ್ತಾರಂತೆ. ನನ್ನ ನೀರಿನ ಹರಳು ಚರಂಡಿಗೆ." ಒಳಗಿನಿಂದ ಅಣ್ಣನ ದನಿ ಕೇಳಿಸಿತು, "ಬಿಡೇ, ನನಗೆ ಅಭ್ಯಾಸ ಆಗಿದೆ." ಅದನ್ನು ಕೇಳಿ ಅವಳ ಕಣ್ಣು ತುಂಬಿ ಬಂತು.

ಮಾರನೇ ಬೆಳಗ್ಗೆ ನಾನು ಅಂಗಡಿಯ ಬಾಗಿಲು ತೆಗೆದು, ಗಿರಾಕಿ ಡಾಕ್ಟರಮ್ಮನ ಪರದೆಗೆ ಕೊನೆಯ ಕೊಕ್ಕೆ ಹಾಕುತ್ತಿದ್ದೆ. ಒಳಗೆ ಊಟದ ಮೇಜಿನ ಹತ್ತಿರದಿಂದ ಒಂದು ಕಿರುಚಾಟ ಕೇಳಿಸಿತು. ಅಣ್ಣನಿಗೇನೋ ಆಯಿತೆಂದುಕೊಂಡೆ. ಅವನು ಕೆಲಸಕ್ಕೆ ಹೋಗಿ ಆಗಲೇ ಒಂದು ಗಂಟೆಯಾಗಿದೆ ಎಂಬುದೂ ಹೊಳೆಯಲಿಲ್ಲ. ಕತ್ತರಿ ಎಸೆದು ಓಡಿದೆ. ಅತ್ತಿಗೆ ನಿಂತಿದ್ದಳು, ಕೈಯಲ್ಲಿ ಪೆನ್ನು, ಮುಂದೆ ವೃತ್ತಪತ್ರಿಕೆಯ ಅಂಚಿನ ತುಂಬ ಲೆಕ್ಕ, ಪಕ್ಕದಲ್ಲಿ ತಣ್ಣಗಾದ ಚಹಾ.

"ಎರಡು ಪಟ್ಟು ಕಣೇ! ಸರಿಯಾಗಿ ಎರಡು ಪಟ್ಟು!"

"ಏನು ಎರಡು ಪಟ್ಟು?"

"ನನ್ನ ಡಬ್ಬಿಯೊಳಗಿನ ಜಾಗ! ಗೋಡೆ ಮೇಲಿನ ಡಬ್ಬಿಯ ಎರಡರಷ್ಟು. ಅಂಚು ನೋಡಿದ್ವಿ, ಕೋನ ನೋಡಿದ್ವಿ, ಒಳಗೆ ಎಷ್ಟು ಜಾಗ ಅಂತ ಯಾರಾದ್ರೂ ನೋಡಿದ್ವಾ? ಬೇರೆ ಹರಳಾಗಿದ್ರೆ ಹೀಗೆ ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ದೆ ಎರಡರಷ್ಟು ಯಾಕೆ ಬರಬೇಕು?" ಅವಳು ಮತ್ತೆ ಬಗ್ಗಿ ಬರಬರನೆ ಬರೆದಳು. "ನನ್ನ ಡಬ್ಬಿ ನೆಟ್ಟಗಿದೆ. ಅದರ ಒಂದು ಮೂಲೆಯಿಂದ ನಡುಮಧ್ಯಕ್ಕೆ ಗೆರೆ ಎಳೀತೀನಿ. ಎಷ್ಟುದ್ದ... ಎಷ್ಟುದ್ದ..." ಪೆನ್ನು ನಿಂತಿತು. ಅವಳು ನನ್ನ ಮುಖ ನೋಡಿದಳು. ಗೋಡೆಯ ಮೇಲಿದ್ದ, ಕೂಡದೇ ಹೋಗಿದ್ದ ಆ ಮೂರನೆಯ ಅಂಚು ಕಾಗದದ ಮೇಲೆ ಬಂದು ಕುಳಿತಿತ್ತು.

ಆಮೇಲೆ ನಾವಿಬ್ಬರೂ ಕಿರುಚಿದೆವು. ಅಮ್ಮ ಕೈಯಲ್ಲಿ ಸೌಟು ಹಿಡಿದು ಬಂದು, "ಏನಾಯ್ತು, ಯಾರಿಗಾಯ್ತು?" ಎಂದಳು.

"ಒಂದೇ ಬಟ್ಟೆ ಅತ್ತೆ! ಮೇಷ್ಟ್ರ ಗುರುಗಳು ಓರೆ ಡಬ್ಬಿ ಕಟ್ಟಿದ್ರು, ಯಂತ್ರ ನೆಟ್ಟನೆ ಡಬ್ಬಿ ಕಟ್ಟಿದೆ. ಹರಳು ಒಂದೇ!"

"ಬಟ್ಟೆನೋ ಹರಳೋ, ಮೊದಲು ಚಹಾ ಕುಡಿ" ಎಂದಳು ಅಮ್ಮ. ಯಾರು ಕುಡಿಯುತ್ತಾರೆ?

ಮೇಷ್ಟ್ರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮೀಟಿಂಗ್ ಕೋಣೆಗೆ ಹೋಗುವ ಮುಂಚೆ ಎಲ್ಲರೂ ಫೋನು ಹೊರಗಿಡಬೇಕಂತೆ. ಅತ್ತಿಗೆ ಗಡಿಯಾರ ನೋಡಿ, ನನ್ನ ನೋಡಿ, ಅಂಗಡಿಯ ಕಡೆ ನೋಡಿದಳು. "ಅಂಕಿ ತೋರಿಸಿದ್ರೆ ಮೇಷ್ಟ್ರು ಒಪ್ತಾರೆ. ದೊಡ್ಡ ಮೇಡಂ ಒಪ್ಪಲ್ಲ. ಅವರಿಗೆ ಕಣ್ಣಿಗೆ ಕಾಣಬೇಕು." ದೊಡ್ಡ ಮೇಡಂ ಎಂದರೆ ಕಾರ್ಖಾನೆಯ ಮೇಲಿನವರು. ಕೊನೆಯ ಮಾತು ಅವರದೇ. "ನಿನ್ನ ಹತ್ತಿರ ಸಾಲು ಬಿಟ್ಟು ಸಾಲು ಹೂವು ಸರಿದಿರೋ ಬಟ್ಟೆ ಇದೆಯೇನೇ?"

ಇತ್ತು. ಒಂದೇ ಒಂದಿತ್ತು. ಡಾಕ್ಟರಮ್ಮನ ಪರದೆ.

ಎದೆ ಗಟ್ಟಿ ಮಾಡಿಕೊಂಡು ಅದನ್ನೇ ಮೇಜಿನ ಮೇಲೆ ಹರಡಿದೆ. ಬಿಳಿ ಬಟ್ಟೆ, ದಪ್ಪ ಕಸೂತಿಯ ಹಳದಿ ಹೂವುಗಳು, ಪ್ರತಿ ಹೂವಿಗೂ ಒಂದು ಎಲೆ. ಒಂದು ಹೂವಿನಿಂದ ಪಕ್ಕದ ಹೂವಿಗೆ ಆರು ಅಂಗುಲ. ನೇರ ಮೇಲಿನ ಹೂವಿಗೆ ಎಂಟು ಅಂಗುಲ. ನಡುವೆ ಸರಿದು ಕುಳಿತ ಹೂವಿಗೆ ಓರೆಯಾಗಿ ಐದು ಅಂಗುಲ. ಅತ್ತಿಗೆ ಸೀಮೆಸುಣ್ಣದಲ್ಲಿ ನಾಲ್ಕು ಹೂವುಗಳನ್ನು ಮೂಲೆ ಮಾಡಿ ನೆಟ್ಟನೆ ಡಬ್ಬಿ ಗುರುತು ಹಾಕಿದಳು. ನಾನು ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಓಡಿಸಿದೆ. ಹೂವಿನ ಕಸೂತಿಗೆ ಸಿಕ್ಕಿ ಸೂಜಿ ಟಕ್ಕನೆ ಮುರಿಯಿತು. ಇನ್ನೊಂದು ತೆಗೆದುಕೊಂಡೆ. "ಓರೆ ಡಬ್ಬಿ ನೀನೇ ಹಾಕು, ನಾನು ಸೀರೆ ಬದಲಾಯಿಸಿ ಬರ್ತೀನಿ. ಅಡ್ಡಕ್ಕೆ ಆರು, ಓರೆಗೆ ಐದು" ಎಂದು ಅತ್ತಿಗೆ ಒಳಗೆ ಓಡಿದಳು. ನಾನು ನೀಲಿ ದಾರ ಪೋಣಿಸಿದೆ. ಪರದೆ ಹೊಲಿಯುವವರ ಕೈಗೆ ಒಂದು ಅಭ್ಯಾಸವಿರುತ್ತದೆ, ಕಸೂತಿಯ ಮೇಲೆ ಸೂಜಿ ಇಡುವುದಿಲ್ಲ. ಸೂಜಿ ಮುರಿದ ಮೇಲಂತೂ ಕೈ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಹೂವು ಬಿಟ್ಟು, ಎಲೆಯ ತುದಿಯ ಹತ್ತಿರ ಖಾಲಿ ಜಾಗ ನೋಡಿ, ಟೇಪು ಹಿಡಿದು, ಅಲ್ಲಿಂದ ಡಬ್ಬಿ ಶುರುಮಾಡಿ ಮುಗಿಸಿದೆ.

ಸ್ಕೂಟರ್ ನಾನು ಓಡಿಸಿದೆ. ಹಿಂದೆ ಅತ್ತಿಗೆ ಪರದೆಯನ್ನು ಮಗುವಿನ ಹಾಗೆ ಅಪ್ಪಿಕೊಂಡು ಕುಳಿತಿದ್ದಳು. ಸಿಗ್ನಲ್ಲಿನಲ್ಲಿ ಒಂದು ತುದಿ ಬಿಚ್ಚಿಕೊಂಡು ಪಕ್ಕದ ಬೈಕಿನವರ ಮುಖದ ಮೇಲೆ ಹಾರಿತು. ಬೈಯುವುದಕ್ಕೆ ಅವರು ಬಾಯಿ ತೆರೆಯುವಷ್ಟರಲ್ಲಿ ಹಸಿರು ದೀಪ ಬಿತ್ತು, ನಾವು ಇರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ನನ್ನನ್ನು ತಡೆದ. "ಮೀಟಿಂಗ್ ಕೋಣೆಗೆ ಪರದೆ ಹಾಕೋಕೆ" ಎಂದೆ. ಸುಳ್ಳೇನಲ್ಲ. ಅವನು ಪರದೆ ನೋಡಿದ, ನನ್ನ ಕುತ್ತಿಗೆಯಲ್ಲಿದ್ದ ಟೇಪು ನೋಡಿದ, ಬಿಟ್ಟ.

ಒಣಗಿಸುವ ಕೋಣೆಯ ಪಕ್ಕದಿಂದಲೇ ದಾರಿ. ಗಾಜಿನ ಗೋಡೆಯ ಆಚೆ ಅಣ್ಣ ಕಂಡ. ಮುಖಕ್ಕೆ ಮುಸುಕು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಹಣೆಯ ಮೇಲೆ. ನಮ್ಮನ್ನು ನೋಡಿ ಅವನ ಹುಬ್ಬು ಮೇಲೇರಿತು. ಅತ್ತಿಗೆ ನಿಲ್ಲಲಿಲ್ಲ. ಘಾಟು ನನ್ನ ಗಂಟಲಿಗೆ ಇಳಿದು ಕೆಮ್ಮು ಹತ್ತಿತು. ಅಷ್ಟು ದೂರಕ್ಕೇ ನನಗೆ ಹೀಗಾದರೆ ಅವನು ಒಳಗೆ ದಿನವಿಡೀ ನಿಲ್ಲುತ್ತಾನಲ್ಲ ಎಂದು ಕಾಲು ಇನ್ನೂ ಚುರುಕಾಯಿತು.

ಮೀಟಿಂಗ್ ಶುರುವಾಗಿಬಿಟ್ಟಿತ್ತು. ಅತ್ತಿಗೆ ಬಾಗಿಲು ತಟ್ಟಿ, ಉತ್ತರಕ್ಕೂ ಕಾಯದೆ ಒಳಗೆ ನುಗ್ಗಿದಳು. ನಾನು ಹಿಂದೆಯೇ. ಉದ್ದ ಮೇಜಿನ ತುದಿಯಲ್ಲಿ ದೊಡ್ಡ ಮೇಡಂ, ಪಕ್ಕದಲ್ಲಿ ಮೇಷ್ಟ್ರು, ಇನ್ನೂ ಕೆಲವರು.

"ಕ್ಷಮಿಸಿ ಮೇಡಂ, ತೊಟ್ಟಿ ವಿಷಯ ಮುಗಿಸೋದಕ್ಕೆ ಮುಂಚೆ ಐದು ನಿಮಿಷ ಕೊಡಿ. ಹರಳು ಬೇರೆ ಅಲ್ಲ. ಡಬ್ಬಿ ಬೇರೆ, ಅಷ್ಟೇ."

"ಯಾವ ಡಬ್ಬಿ?" ಎಂದರು ದೊಡ್ಡ ಮೇಡಂ. ಅವರ ದೃಷ್ಟಿ ನನ್ನ ಮೇಲೆ ಬಿತ್ತು. "ಇವರು ಯಾರು?"

"ಪರದೆಯವಳು" ಎಂದೆ. ಅಷ್ಟು ಹೊತ್ತಿಗೆ ಕುರ್ಚಿ ಹತ್ತಿ ಅವರ ಕಿಟಕಿಯ ಸರಳಿಗೆ ನಮ್ಮ ಪರದೆ ಸಿಕ್ಕಿಸಿಯೂ ಆಗಿತ್ತು.

ಅತ್ತಿಗೆ ಶುರುಮಾಡಿದಳು. "ಈ ಬಟ್ಟೆ ನಮ್ಮ ಹರಳು ಅಂದ್ಕೊಳ್ಳಿ. ಕೆಂಪು ದಾರದ ಡಬ್ಬಿ ಹೊಸ ಯಂತ್ರ ಕೊಟ್ಟಿದ್ದು. ಆರು, ಎಂಟು, ನೆಟ್ಟನೆ ಕೋನ. ನೀಲಿ ದಾರದ್ದು ಗೋಡೆ ಮೇಲಿರೋದು. ಆರು, ಐದು, ಓರೆ ಕೋನ. ಅಂಕಿ ಮಾತ್ರ ಕೇಳಿದ್ರೆ ಎರಡು ಬೇರೆ ಬೇರೆ ಬಟ್ಟೆ ಅನ್ಸುತ್ತೆ. ಆದ್ರೆ ಬಟ್ಟೆ ನಿಮ್ಮ ಕಣ್ಣೆದುರಿಗೇ ಇದೆ, ಒಂದೇ."

ಮೇಷ್ಟ್ರು ಎದ್ದು ಬಂದು ಪರದೆಯ ಹತ್ತಿರ ಮುಖ ಇಟ್ಟು ನೋಡಿದರು. ನೀಲಿ ದಾರದ ಮೇಲೆ ಬೆರಳಾಡಿಸಿದರು. "ಕೆಂಪಿನದು ಸರಿ, ಮೂಲೆ ಮೂಲೆಗೂ ಹೂವಿದೆ. ನೀಲಿದು ಹೂವಿನ ಮೇಲೇ ಇಲ್ವಲ್ಲಮ್ಮ. ಎಲ್ಲೋ ಖಾಲಿ ಜಾಗದಲ್ಲಿ ಶುರುವಾಗಿದೆ."

ಎಲ್ಲ ನನ್ನಿಂದಲೇ ಕೆಟ್ಟಿತು ಎಂದುಕೊಂಡೆ. ಅತ್ತಿಗೆ ಆಗಲೇ ಮೊದಲ ಬಾರಿಗೆ ನೀಲಿ ಡಬ್ಬಿಯನ್ನು ಸರಿಯಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಜೋರಾಗಿ ನಕ್ಕಳು.

"ಇದು ಇನ್ನೂ ಒಳ್ಳೇದಾಯ್ತು! ಡಬ್ಬಿ ಹೂವಿನಿಂದಲೇ ಶುರುವಾಗ್ಬೇಕು ಅಂತ ಯಾರು ಹೇಳಿದ್ದು ಮೇಷ್ಟ್ರೇ? ಎಲ್ಲಿಂದ ಬೇಕಾದ್ರೂ ಶುರುಮಾಡಿ, ಅಳತೆ ಸರಿ ಇದ್ರೆ ಸಾಕು. ಮೇಡಂ, ನೀವೇ ಬನ್ನಿ. ನೀಲಿ ಡಬ್ಬಿಯ ಈ ಮೂಲೆಗೆ ಬೆರಳಿಡಿ. ಏನಿದೆ ಅಲ್ಲಿ?"

ದೊಡ್ಡ ಮೇಡಂ ಎದ್ದು ಬಂದರು. "ಎಲೆಯ ತುದಿ."

"ಪಕ್ಕದ ಮೂಲೆಗೆ?"

"ಅದೇ ಎಲೆಯ ತುದಿ." ಅವರು ಮುಂದಿನ ಪ್ರಶ್ನೆಗೆ ಕಾಯದೆ ತಾವಾಗಿಯೇ ಮೇಲಿನ ಮೂಲೆಗೆ ಬೆರಳು ಒಯ್ದರು. "ಇಲ್ಲೂ ಅದೇ." ನಾಲ್ಕನೆಯದಕ್ಕೆ ಒಯ್ದರು. "ಅರೆ!"

"ನೀಲಿ ಡಬ್ಬಿಯೊಳಗೆ ಎಷ್ಟು ಹೂವಿದೆ?"

"ಒಂದು. ಪೂರ್ತಿ ಒಂದು."

"ಕೆಂಪಿನಲ್ಲಿ?"

"ಮಧ್ಯದಲ್ಲಿ ಒಂದು... ಮೂಲೆಗಳಲ್ಲಿ ಕಾಲು ಕಾಲು, ನಾಲ್ಕು ಕಾಲು ಸೇರಿ ಇನ್ನೊಂದು. ಎರಡು!"

"ಅದಕ್ಕೇ ನನ್ನ ಡಬ್ಬಿ ಸರಿಯಾಗಿ ಎರಡರಷ್ಟು ದೊಡ್ಡದು!" ಎನ್ನುತ್ತಾ ಅತ್ತಿಗೆ ವೃತ್ತಪತ್ರಿಕೆಯ ಹಾಳೆಯನ್ನು ಮೇಷ್ಟ್ರ ಕೈಗೆ ತುರುಕಿದಳು. ಅವರು ಲೆಕ್ಕದ ಮೇಲೆ ಕಣ್ಣಾಡಿಸಿದರು, ಕನ್ನಡಕ ತೆಗೆದರು, ಹಾಕಿದರು. ಮೇಷ್ಟ್ರ ಮುಖದಲ್ಲಿ ನಗು ನಿಧಾನಕ್ಕೆ ಹರಡಿತು. "ನಮ್ಮ ಗುರುಗಳು ಚಿಕ್ಕ ಡಬ್ಬಿ ಇಷ್ಟಪಡೋರು, ಓರೆಯಾದ್ರೂ ಪರವಾಗಿಲ್ಲ ಅನ್ನೋರು. ನಾನು ಅವರ ಚೌಕಟ್ಟಿನ ಗಾಜು ದಿನಾ ಒರೆಸಿದ್ದೇ ಬಂತು! ನೋಡಿ ಮೇಡಂ, ಕೂಡ್ತಾ ಇದೆ. ಎಲ್ಲ ಕೂಡ್ತಾ ಇದೆ!" ತೊಟ್ಟಿಯ ವಿಷಯಕ್ಕೆ ಬಂದಿದ್ದ ಉಳಿದವರೂ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು ಡಬ್ಬಿ ಹುಡುಕತೊಡಗಿದರು. ಡಾಕ್ಟರಮ್ಮನ ಬಿಳಿ ಬಟ್ಟೆಯ ಗತಿ ನೆನೆದು ನಾನು ಕಣ್ಣು ಮುಚ್ಚಿಕೊಂಡೆ.

ದೊಡ್ಡ ಮೇಡಂ ಮಾತ್ರ ಕೈಕಟ್ಟಿ ನಿಂತಿದ್ದರು. "ಎರಡು ಡಬ್ಬಿಯೂ ಕೂಡುತ್ತವೆ, ಒಪ್ಪಿದೆ. ಡಬ್ಬಿಯೊಳಗಿನ ಹೂವು? ಅಂತರ ಇಷ್ಟೇ ಇದ್ದು ಹೂವು ಬೇರೆ ಇರಬಹುದಲ್ಲ?"

ಮಾತು ನೂರಕ್ಕೆ ನೂರು ಸರಿ. ಹೀಗೆ ಅಂತರ ಒಂದೇ ಇದ್ದು ಹೂವು ಬೇರೆಯಾದ ಎಷ್ಟು ಬಟ್ಟೆ ನಾನೇ ಹೊಲಿದಿಲ್ಲ! ಅತ್ತಿಗೆಯೂ ತಲೆಯಾಡಿಸಿದಳು. "ಇರಬಹುದು ಮೇಡಂ. ಅದನ್ನ ಹೇಳೋಕೆ ಯಂತ್ರಕ್ಕೆ ಇನ್ನೊಂದು ದಿನ ಬೇಕು. ಡಬ್ಬಿಯೊಳಗೆ ಯಾವ ಅಣು ಎಲ್ಲಿ ಕೂತಿದೆ ಅಂತ ಒಂದೊಂದಾಗಿ ನೋಡಬೇಕು. ಒಂದು ದಿನ ಕೊಡಿ. ಬೇರೆ ಅಂತ ಬಂದ್ರೆ ನಾನೇ ಚರಂಡಿಗೆ ಸುರೀತೀನಿ."

"ನಾಳೆವರೆಗೆ ತೊಟ್ಟಿ ಮಾತು ಬೇಡ" ಎಂದರು ದೊಡ್ಡ ಮೇಡಂ. ಹೋಗುವಾಗ ನನ್ನತ್ತ ನೋಡಿ, "ಈ ಕಿಟಕಿಗೆ ಪರದೆ ನಿಜವಾಗಲೂ ಬೇಕು. ಅಳತೆ ತಗೊಂಡು ಹೋಗಿ" ಎಂದರು.

ಮಾರನೇ ದಿನ ನನಗೆ ಯಾವ ಕೆಲಸವೂ ಸಾಗಲಿಲ್ಲ. ಅಳತೆ ತಪ್ಪಿತು, ಹೊಲಿದದ್ದನ್ನು ಬಿಚ್ಚಿದೆ, ಬಿಚ್ಚಿದ್ದನ್ನು ಹೊಲಿದೆ. ಅಮ್ಮ ಅಡುಗೆಮನೆಯಿಂದ ಎದ್ದೆದ್ದು ಬಂದು ಫೋನನ್ನೇ ನೋಡಿ ಹೋಗುತ್ತಿದ್ದಳು. "ನೀನೂ ಆಟಕ್ಕೆ ಸೇರಿಬಿಟ್ಟೆಯಾ?" ಎಂದು ಛೇಡಿಸಿದರೆ, "ಸುಮ್ಮನಿರೇ, ನನ್ನ ಮಗನ ತಲೆ ವಿಷಯ" ಎಂದು ಗದರಿದಳು. ಮಧ್ಯಾಹ್ನ ಫೋನು ಬಂತು. ಎತ್ತಿದರೆ ಆ ಕಡೆ ಬರೀ ಬಿಕ್ಕುವ ಸದ್ದು. "ಅತ್ತಿಗೆ? ಅತ್ತಿಗೆ, ಹೇಳೇ! ಏನಾಯ್ತು?" ಕೂಗಿದೆ. ಯಾರೋ ಫೋನು ಕಿತ್ತುಕೊಂಡರು. ಮೇಷ್ಟ್ರ ದನಿ. ಪಾಠದ ದನಿಯಲ್ಲ, ಹುಡುಗರ ಕೇಕೆ. "ಅದೇ ಕಣಮ್ಮ! ಅದೇ ಹೂವು! ಒಂದು ಎಸಳೂ ಆಚೀಚೆ ಇಲ್ಲ!"

ನಾನು ಅಮ್ಮನನ್ನು ತಬ್ಬಿಕೊಂಡೆ. ಅಮ್ಮನ ಕೈಯ ಹಿಟ್ಟು ನನ್ನ ಬೆನ್ನಿಗೆಲ್ಲ ಮೆತ್ತಿತು. ಸಂತೋಷಕ್ಕೆ ಅಳುವವರನ್ನು ಕಂಡು ಮೂಗು ಮುರಿಯುತ್ತಿದ್ದವಳು ಅವತ್ತು ಗಂಗಾಳದಷ್ಟು ಕಣ್ಣೀರು ಸುರಿಸಿದೆ.

ನೀರಿನ ತೊಟ್ಟಿಗಳು ಬರುವುದಕ್ಕೆ ಕೆಲವು ತಿಂಗಳೇ ಹಿಡಿದವು. ಮತ್ತೆ ಮತ್ತೆ ಪರೀಕ್ಷೆ, ಸರ್ಕಾರದ ಒಪ್ಪಿಗೆ, ಅದೂ ಇದೂ. ಪರೀಕ್ಷಾ ಕೋಣೆಯ ಗೋಡೆಯ ಮೇಲೆ ಈಗ ಎರಡು ಚೌಕಟ್ಟುಗಳಿವೆಯಂತೆ, ಓರೆಯದೊಂದು, ನೆಟ್ಟನೆಯದೊಂದು. ಡಾಕ್ಟರಮ್ಮನಿಗೆ ಬೇರೆ ಬಟ್ಟೆ ತಂದು ಹೊಸ ಪರದೆ ಹೊಲಿದುಕೊಟ್ಟೆ. ಹಳೆಯದರಲ್ಲಿ ದಾರ ಬಿಚ್ಚಿದರೂ ತೂತು ಕಾಣುತ್ತಿತ್ತು. ಬಿಚ್ಚಲು ಅತ್ತಿಗೆ ಬಿಡಲೂ ಇಲ್ಲ. ಮಡಿಸಿ ಬೀರುವಿನಲ್ಲಿ ಇಟ್ಟುಕೊಂಡಳು.

ಘಾಟು ನೀರು ನಿಂತ ಮೇಲೂ ಅಣ್ಣನ ತಲೆನೋವು ತಕ್ಷಣ ಬಿಡಲಿಲ್ಲ. ಬರುವುದು ಕಡಿಮೆಯಾಯಿತು, ಮೆಲ್ಲಗೆ ಇನ್ನೂ ಕಡಿಮೆಯಾಯಿತು. ನಾವ್ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ದೃಷ್ಟಿ ತಾಗೀತು ಎನ್ನುವ ಹಾಗೆ ಸುಮ್ಮನೆ ನೋಡುತ್ತಿದ್ದೆವು. ಒಂದು ರಜೆಯ ದಿನ ಮಧ್ಯಾಹ್ನ ಅವನು ತನ್ನ ಕೋಣೆಯಿಂದ ನನ್ನನ್ನು ಕೂಗಿದ. ಹೋದೆ. ಕಪ್ಪು ಪರದೆಯ ಮುಂದೆ ನಿಂತಿದ್ದ.

"ಇದನ್ನ ತೆಗೆದುಬಿಡು. ಕೋಣೆ ಗವಿ ಥರ ಇದೆ."

ನಾನು ಸ್ಟೂಲು ಹತ್ತಿ ಕಪ್ಪು ಪರದೆ ಇಳಿಸಿದೆ. ಬಿಸಿಲು ಒಳಗೆ ಬಂತು. ಅಣ್ಣ ಕಣ್ಣು ಕಿರಿದು ಮಾಡಿದ, ಮುಚ್ಚಲಿಲ್ಲ. ಬೀರುವಿನ ಬಾಗಿಲು ತೆಗೆದ ಸದ್ದಾಯಿತು. ಅತ್ತಿಗೆ ಹಳದಿ ಹೂವಿನ ಪರದೆ ತಂದು ನನ್ನ ಕೈಗೆ ಕೊಟ್ಟಳು. ತಂದದ್ದು ಹೆಚ್ಚಾಯಿತೇನೋ, ಅವನಿಗೆ ಆಗದಿದ್ದರೆ ಎಂಬ ಹೆದರಿಕೆ ನನಗಿತ್ತು. ಆದರೂ ಹಾಕಿದೆ. ಹಿಂದಿನಿಂದ ಬಿಸಿಲು ಬಿದ್ದು ಹೂವುಗಳೆಲ್ಲ ಎದ್ದು ಕಂಡವು, ಜೊತೆಗೆ ಕೆಂಪು ಡಬ್ಬಿ, ನೀಲಿ ಡಬ್ಬಿ.

ಅಣ್ಣ ಮಂಚದ ಮೇಲೆ ಕುಳಿತು ನೋಡುತ್ತಲೇ ಇದ್ದ. ಬಹಳ ಹೊತ್ತು. ಅತ್ತಿಗೆ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅವನು ಎದ್ದು ಪರದೆಯ ಹತ್ತಿರ ಹೋಗಿ ಒಂದು ಹೂವಿನ ಮೇಲೆ ಬೆರಳಿಟ್ಟ. ಅಲ್ಲಿಂದ ಓರೆಯಾಗಿ ಮೇಲಕ್ಕೆ ಒಂದು ಹೂವು, ಮತ್ತೆ ಮೊದಲಿನ ಹೂವಿಗೇ ಬಂದು ಓರೆಯಾಗಿ ಕೆಳಕ್ಕೆ ಇನ್ನೊಂದು ಹೂವು, ಆಮೇಲೆ ಎರಡನ್ನೂ ಕೂಡಿಸುವ ಹಾಗೆ ಎದುರಿನ ಮೂಲೆಗೆ.

"ಇಲ್ನೋಡೇ" ಎಂದ ಅತ್ತಿಗೆಗೆ, "ಇಲ್ಲಿ ಇನ್ನೊಂದು ಡಬ್ಬಿ ಇದೆ. ನೆಟ್ಟಗೂ ಇಲ್ಲ, ನಿಮ್ಮ ಓರೆ ಥರಾನೂ ಇಲ್ಲ. ವಜ್ರದ ಆಕಾರ. ಇದೂ ನಡೆಯುತ್ತಾ?"

ಅತ್ತಿಗೆ ಅವನ ಬೆರಳಿನ ಪಕ್ಕದಲ್ಲೇ ತನ್ನ ಬೆರಳಿಟ್ಟು ನಾಲ್ಕೂ ಮೂಲೆ ಮುಟ್ಟಿ ನೋಡಿದಳು. "ನಡೆಯುತ್ತೆ" ಎಂದಳು ಕೊನೆಗೆ, "ನಾಲ್ಕು ಮೂಲೆ ಸೇರಿ ಒಂದೇ ಹೂವು. ಸರಿಯಾಗಿದೆ ರೀ."

ನಾನು ಅಂಗಡಿಗೆ ಓಡಿ ಸೂಜಿಗೆ ಹಸಿರು ದಾರ ಪೋಣಿಸಿಕೊಂಡು ಬಂದೆ.